ಹೊಸದಾಗಿ ಟೀಮ್ ಲೀಡ್ ಆದಿರಾ? ಜನ ಮನಸ್ಸಿಟ್ಟು ಕೆಲಸ ಮಾಡುವಂತೆ ಮುನ್ನಡೆಸುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್, ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್, ತಾಲ್ಲೂಕು ಆಸ್ಪತ್ರೆಯಲ್ಲಿ ಹೆಡ್ ನರ್ಸ್, ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್. ಕೆಲಸ ಬೇರೆ ಬೇರೆ, ಚಿಂತೆ ಒಂದೇ. ಈ ಹತ್ತು ಜನ ನನ್ನ ಮಾತು ಕೇಳ್ತಾರಾ? ಮನಸ್ಸಿಟ್ಟು ಕೆಲಸ ಮಾಡ್ತಾರಾ? ಬಡ್ತಿ ಸಿಕ್ಕ ಹೊಸದರಲ್ಲಿ ಬಹಳ ಜನ ಇದಕ್ಕೆ ಉತ್ತರವನ್ನು ಮಾತಿನಲ್ಲಿ ಹುಡುಕುತ್ತಾರೆ. ಮೀಟಿಂಗ್ ಕರೆದು ಒಳ್ಳೇ ಭಾಷಣ ಮಾಡುತ್ತಾರೆ. ದಿನಾ ಬೆಳಿಗ್ಗೆ ವಾಟ್ಸಾಪ್ ಗ್ರೂಪಿಗೆ ಹುರುಪಿನ ಸಾಲೊಂದನ್ನು ಕಳಿಸುತ್ತಾರೆ.

ನಾನು ಕಂಡಂತೆ ಜನರಿಗೆ ಹುರುಪು ಬರುವುದು ಬೇರೆ ಕಡೆಯಿಂದ. ಕೆಲಸ ಕೆಟ್ಟ ದಿನ ಇವರು ನಮ್ಮ ಮುಂದೆ ಬಂದು ನಿಲ್ಲುತ್ತಾರಾ, ಇಲ್ಲಾ ನಮ್ಮನ್ನೇ ಮುಂದೆ ತಳ್ಳುತ್ತಾರಾ ಎಂದು ಅವರು ನೋಡುತ್ತಲೇ ಇರುತ್ತಾರೆ. ಮುಂದೆ ನಿಲ್ಲುತ್ತಾರೆ ಅಂತ ಒಮ್ಮೆ ಗೊತ್ತಾದರೆ ಸಾಕು, ಅರ್ಧ ಕೆಲಸ ಮುಗಿದಂತೆ. ಆ ನಂಬಿಕೆಯನ್ನು ಒಂದೊಂದೇ ಹೆಜ್ಜೆ ಇಟ್ಟು ಗಳಿಸುವುದು ಹೇಗೆ ಎಂದು ಇಲ್ಲಿ ಬರೆದಿದ್ದೇನೆ. ಇದನ್ನು ಯಾರು ಬೇಕಾದರೂ ಕಲಿಯಬಹುದು. ಹುಟ್ಟಿನಿಂದಲೇ ಬರಬೇಕಾದ ಗುಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲ ಎರಡು ವಾರ: ಏನನ್ನೂ ಬದಲಿಸಬೇಡಿ, ಕೇಳಿ

ಹೊಸ ಹುದ್ದೆಗೆ ಬಂದ ಕೂಡಲೇ ಏನಾದರೂ ಮಾಡಿ ತೋರಿಸಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ತಂಡದ ಒಬ್ಬೊಬ್ಬರ ಜೊತೆಗೂ ಅರ್ಧ ಗಂಟೆ ಬೇರೆಯಾಗಿ ಕೂತುಕೊಳ್ಳಿ. ಕ್ಯಾಬಿನ್‌ಗೆ ಕರೆಯುವುದಕ್ಕಿಂತ ಕ್ಯಾಂಟೀನ್ ಮೂಲೆ ವಾಸಿ. ಕ್ಯಾಬಿನ್‌ಗೆ ಕರೆದರೆ ಏನೋ ತಪ್ಪಾಗಿದೆ ಎಂದುಕೊಂಡೇ ಬರುತ್ತಾರೆ. ಮೂರೇ ಪ್ರಶ್ನೆ ಸಾಕು:

- ನಿಮ್ಮ ಕೆಲಸದಲ್ಲಿ ಸುಮ್ನೆ ಟೈಮ್ ಹಾಳಾಗೋದು ಎಲ್ಲಿ?
- ಹಿಂದಿನವರು ಮಾಡುತ್ತಿದ್ದುದರಲ್ಲಿ ಏನನ್ನು ಹಾಗೇ ಉಳಿಸಿಕೊಳ್ಳಬೇಕು?
- ಇನ್ನು ಎರಡು ವರ್ಷಕ್ಕೆ ನೀವು ಎಲ್ಲಿರಬೇಕು ಅಂದುಕೊಂಡಿದ್ದೀರಿ?

ಕೇಳಿ ಸುಮ್ಮನಿರಿ. ಮಧ್ಯೆ ಬಾಯಿ ಹಾಕಬೇಡಿ, ಸಮರ್ಥನೆ ಕೊಡಬೇಡಿ. ಅವರು ಹೇಳಿದ್ದನ್ನು ಅವರ ಎದುರೇ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಫೋನಿನಲ್ಲಿ ಬರೆದುಕೊಂಡರೆ ಮೆಸೇಜ್ ನೋಡುತ್ತಿದ್ದೀರಿ ಅಂದುಕೊಳ್ಳುತ್ತಾರೆ.

ಕೆಳಗಿನವರ ಮಾತಿಗೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ಪಾಂಬನ್ ಸೇತುವೆಯ ಕತೆ ನನಗೆ ಪದೇ ಪದೇ ನೆನಪಾಗುತ್ತದೆ. 1964ರ ಡಿಸೆಂಬರ್‌ನಲ್ಲಿ ಬಂದ ಚಂಡಮಾರುತಕ್ಕೆ ರಾಮೇಶ್ವರದ ಆ ರೈಲು ಸೇತುವೆಯ ಗರ್ಡರ್‌ಗಳು (ಹಳಿಯನ್ನು ಹೊರುವ ಉಕ್ಕಿನ ತೊಲೆಗಳು) ಹೆಚ್ಚು ಕಮ್ಮಿ ಎಲ್ಲವೂ ಕೊಚ್ಚಿಹೋದವು. ಸರಿಪಡಿಸಲು ರೈಲ್ವೆ ಆರು ತಿಂಗಳು ಗಡುವು ಇಟ್ಟಿತು. ಮೇಲಧಿಕಾರಿ ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸದ ಹೊಣೆ ಬಿದ್ದದ್ದು ಆಗ 32 ವರ್ಷದ ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಮೇಲೆ. ಹೊಸ ಗರ್ಡರ್‌ಗಳನ್ನು ದೂರದ ಊರುಗಳಿಂದ ತರಿಸಬೇಕಿತ್ತು. ಅಷ್ಟರಲ್ಲಿ ಹಳೇ ಗರ್ಡರ್‌ಗಳು ಸಮುದ್ರದ ತಳದಲ್ಲಿ ಬಿದ್ದಿರುವುದು ಮೀನುಗಾರರಿಂದ ತಿಳಿಯಿತು. ಅವನ್ನೇ ಮೇಲೆತ್ತಿ ಕೂರಿಸುವ ದಾರಿ ಹುಡುಕಿದರು. 46 ದಿನಕ್ಕೆ ಸೇತುವೆ ಸಿದ್ಧವಾಯಿತು. ಎಂಜಿನಿಯರಿಂಗ್ ಓದದವರ ಮಾತಿನಿಂದ ಎಂಜಿನಿಯರ್‌ನ ತಿಂಗಳುಗಳು ಉಳಿದವು. ನಿಮ್ಮ ಲೈನ್‌ನಲ್ಲೂ ಇಂಥದ್ದು ಗೊತ್ತಿರುವ ಆಪರೇಟರ್ ಒಬ್ಬರು ಇದ್ದೇ ಇರುತ್ತಾರೆ. ಅವರನ್ನು ಈವರೆಗೆ ಯಾರೂ ಕೇಳಿರುವುದಿಲ್ಲ, ಅಷ್ಟೇ.

ನಿನ್ನೆಯವರೆಗೆ ಜೊತೆಗಿದ್ದವರಿಗೇ ನೀವು ಲೀಡ್ ಆಗಿದ್ದರೆ ಇನ್ನೊಂದು ಮಾತು. ವಯಸ್ಸಿನಲ್ಲಿ ದೊಡ್ಡವರನ್ನು ನಿನ್ನೆ 'ಅಣ್ಣ', 'ಅಕ್ಕ' ಎಂದು ಕರೆಯುತ್ತಿದ್ದರೆ ಇವತ್ತೂ ಹಾಗೇ ಕರೆಯಿರಿ. ಹುದ್ದೆ ಬಂತೆಂದು ಏಕವಚನಕ್ಕೆ ಇಳಿದರೆ ಆ ನೋವು ವರ್ಷಗಟ್ಟಲೆ ಹೋಗುವುದಿಲ್ಲ. ಹಾಗೆಯೇ ಗೆಳೆಯರ ಜೊತೆ ಒಮ್ಮೆ ನೇರವಾಗಿ ಮಾತಾಡಿಬಿಡಿ: "ನಮ್ಮ ಸ್ನೇಹ ಇರೋ ಹಾಗೇ ಇರುತ್ತೆ. ಆದ್ರೆ ಶಿಫ್ಟ್ ಹಾಕೋವಾಗ, ರಜೆ ಕೊಡೋವಾಗ ನಿನಗೆ ಬೇರೆ ರೂಲ್, ಉಳಿದವರಿಗೆ ಬೇರೆ ರೂಲ್ ಅಂತ ಇರಲ್ಲ." ಈ ಮಾತನ್ನು ಮುಂದೂಡಿದಷ್ಟೂ ಕಷ್ಟ.

ಮೂರನೇ ವಾರ: ಒಂದು ತೊಂದರೆ ಬಿಡಿಸಿ ತೋರಿಸಿ

ಆ ಪುಸ್ತಕ ತೆಗೆದು ನೋಡಿ. ನಾಲ್ಕೈದು ಜನ ಒಂದೇ ತೊಂದರೆ ಹೇಳಿರುತ್ತಾರೆ. ರಾತ್ರಿ ಪಾಳಿ ಮುಗಿದ ಮೇಲೆ ಕ್ಯಾಬ್ ತಡ. ಅಳತೆ ನೋಡುವ ಗೇಜ್ ಇಡೀ ಲೈನ್‌ಗೆ ಒಂದೇ. ಒಂದು ಸಾಫ್ಟ್‌ವೇರ್ ಅನುಮತಿಗೆ ಮೂರು ಜನರ ಸಹಿ. ಇಂಥದ್ದರಲ್ಲಿ ನಿಮ್ಮ ಕೈಲಿ ಆಗುವ ಒಂದನ್ನು ಹಿಡಿದು ಮುಗಿಸಿ. ದೊಡ್ಡದೇ ಆಗಬೇಕಿಲ್ಲ, ಮುಗಿಯಬೇಕು ಅಷ್ಟೇ.

ಆಗದ್ದಕ್ಕೂ ಉತ್ತರ ಕೊಡಿ. "ಹೊಸ ಮೆಷಿನ್ ಈ ವರ್ಷ ಬರಲ್ಲ, ಬಜೆಟ್ ಇಲ್ಲ, ಕೇಳಿ ನೋಡಿದೆ" ಅಂದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. "ನೋಡೋಣ" ಅಂದು ಮರೆತರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಗುರಿ ಎಲ್ಲರ ಕಣ್ಣಿಗೆ ಬೀಳಲಿ

ಶ್ರೀಧರನ್ ಮುಂದೆ ಕೊಂಕಣ ರೈಲ್ವೆಯ ಮುಖ್ಯಸ್ಥರಾದರು. 1990ರಲ್ಲಿ ನಿಗಮ ಶುರುವಾಯಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಹತ್ತಿರದ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಹಳಿ, 90ಕ್ಕೂ ಹೆಚ್ಚು ಸುರಂಗ, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ. ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ಅವರು ಹಾಕಿಸಿದ್ದರು. ಮುಂದೆ ದೆಹಲಿ ಮೆಟ್ರೋದಲ್ಲೂ ಹಾಗೇ ಮಾಡಿದರು. ಮುಖ್ಯಸ್ಥರಿಗೆ ಕಾಣುವ ಅಂಕಿಯೇ ಕಾಂಕ್ರೀಟ್ ಹಾಕುವವರಿಗೂ ಕಾಣುತ್ತಿತ್ತು. ಅದರ ಬಲ ಇದ್ದದ್ದೇ ಅಲ್ಲಿ.

ನಿಮಗೆ ಗಡಿಯಾರ ಬೇಡ, ಒಂದು ಬೋರ್ಡ್ ಸಾಕು. ಅದರ ಮೇಲೆ ಹತ್ತು ಅಂಕಿ ಬರೆಯಬೇಡಿ. ಎರಡು ಅಥವಾ ಮೂರು. ಈ ವಾರ ಹೋಗಬೇಕಾದ ಮಾಲು ಎಷ್ಟು, ಹೋದದ್ದು ಎಷ್ಟು, ವಾಪಸ್ ಬಂದದ್ದು ಎಷ್ಟು. ಜೊತೆಗೆ ಅದು ಯಾಕೆ ಮುಖ್ಯ ಅನ್ನುವುದನ್ನೂ ಹೇಳಿ. "ಶುಕ್ರವಾರಕ್ಕೆ ಬೇಕು" ಎನ್ನುವುದಕ್ಕೂ "ಶುಕ್ರವಾರ ಇದು ಹೋಗದಿದ್ರೆ ಅವರ ಅಸೆಂಬ್ಲಿ ಲೈನ್ ನಿಲ್ಲುತ್ತೆ" ಎನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ.

ಗಡುವಿನ ವಿಷಯದಲ್ಲಿ ಪ್ರಾಮಾಣಿಕವಾಗಿರಿ. ಕೊಂಕಣ ರೈಲ್ವೆಯೂ ಮೊದಲು ಅಂದುಕೊಂಡ ಐದು ವರ್ಷಕ್ಕೆ ಮುಗಿಯಲಿಲ್ಲ. ಗೋವಾದಲ್ಲಿ ಮಾರ್ಗದ ವಿವಾದ ಎದ್ದಿತು. ಮೆತ್ತನೆ ಮಣ್ಣಿನ ಸುರಂಗಗಳು ಅಗೆದಂತೆ ಕುಸಿದವು. ಪೂರ್ತಿ ಮಾರ್ಗ ಮುಗಿದದ್ದು 1998ರಲ್ಲಿ. ಕಾರಣ ಇದ್ದರೆ ದಿನಾಂಕ ಬದಲಾಗಲಿ, ಆದರೆ ಎಲ್ಲರ ಎದುರು ಬದಲಾಗಲಿ. ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿರುವ ಹಳೇ ತಾರೀಕು ಬೋರ್ಡ್ ಮೇಲೆ ಹಾಗೇ ಉಳಿದರೆ ಆ ಬೋರ್ಡನ್ನು ಮತ್ತೆ ಯಾರೂ ತಿರುಗಿ ನೋಡುವುದಿಲ್ಲ.

ಕೆಲಸದ ಜೊತೆ ಅಧಿಕಾರವನ್ನೂ ಕೊಡಿ

ಕೊಂಕಣದ ಆ ಉದ್ದನೆಯ ಮಾರ್ಗವನ್ನು ಏಳು ಭಾಗ ಮಾಡಿ ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್‌ನನ್ನು ನೇಮಿಸಿದ್ದರು. ಎಲ್ಲವನ್ನೂ ಕೇಂದ್ರ ಕಚೇರಿಯಲ್ಲೇ ಕೂತು ತೀರ್ಮಾನಿಸಬೇಕಿದ್ದರೆ ಕೆಲಸ ಇನ್ನೆಷ್ಟು ತಡವಾಗುತ್ತಿತ್ತೋ.

ನೀವು ಯಾರಿಗಾದರೂ ಕೆಲಸ ವಹಿಸುವಾಗ ಮೂರು ಗೆರೆ ಎಳೆದು ಕೊಡಿ. ಇಷ್ಟನ್ನು ನೀವೇ ತೀರ್ಮಾನ ಮಾಡಿ, ನನಗೆ ಹೇಳುವುದೂ ಬೇಡ. ಇಷ್ಟನ್ನು ಮಾಡಿ ಆಮೇಲೆ ಹೇಳಿ. ಇಷ್ಟಕ್ಕೆ ಮಾತ್ರ ಮೊದಲು ಕೇಳಿ. ಉದಾಹರಣೆಗೆ, ಐದು ಸಾವಿರದವರೆಗಿನ ಖರೀದಿ ಮೊದಲ ಗೆರೆ, ಶಿಫ್ಟ್ ಅದಲು ಬದಲು ಎರಡನೆಯದು, ಗ್ರಾಹಕರಿಗೆ ಕೊಟ್ಟ ತಾರೀಕು ಬದಲಿಸುವುದು ಮೂರನೆಯದು. ಗೆರೆ ಎಳೆದ ಮೇಲೆ ಮಧ್ಯೆ ಹೋಗಿ ಕೈ ಹಾಕಬೇಡಿ. ನೀವು ಮಾಡುತ್ತಿದ್ದ ರೀತಿಯಲ್ಲೇ ಅವರು ಮಾಡಬೇಕು ಎನ್ನುವ ಹಟ ಬಿಡುವುದು ಒಳ್ಳೇ ಕೆಲಸಗಾರರಿಗೇ ಜಾಸ್ತಿ ಕಷ್ಟ. ಬಡ್ತಿ ಸಿಗುವುದೂ ಸಾಮಾನ್ಯವಾಗಿ ಅಂಥವರಿಗೇ.

ತಪ್ಪನ್ನು ತಿದ್ದುವುದು: ನಾಲ್ಕು ಗೋಡೆಯೊಳಗೆ, ಅದೇ ದಿನ

ನಮ್ಮ ಕಡೆ ಕೆಲಸದ ಜಾಗಗಳಲ್ಲಿ ಅತಿ ಹೆಚ್ಚು ಮನಸ್ಸು ಮುರಿಯುವುದು ಇಲ್ಲೇ. ಹತ್ತು ಜನರ ಎದುರು ಬೈದರೆ ಬೈಸಿಕೊಂಡವನು ಒಬ್ಬ, ನೊಂದುಕೊಳ್ಳುವವರು ಹತ್ತು ಜನ.

ಒಂದು ಸಂದರ್ಭ ತೆಗೆದುಕೊಳ್ಳಿ. ಲೇತ್ ಮೇಲೆ ಕೆಲಸ ಮಾಡುವ ಹುಡುಗ ಡ್ರಾಯಿಂಗ್‌ನ ಹಳೇ ರಿವಿಷನ್ (ತಿದ್ದುವ ಮುಂಚಿನ ಪ್ರತಿ) ನೋಡಿ ಇನ್ನೂರು ಪೀಸ್ ತೆಗೆದಿದ್ದಾನೆ. ಎಲ್ಲವೂ ರಿಜೆಕ್ಟ್. ಲೀಡ್ ಅವನನ್ನು ಪಕ್ಕದ ರೂಮಿಗೆ ಕರೆದು ಬಾಗಿಲು ಮುಂದೆ ಮಾಡುತ್ತಾರೆ.

"ಕೂತ್ಕೋ. ಏನಾಯ್ತು ಹೇಳು, ಮೊದಲಿಂದ."

"ಸಾರ್, ಮೆಷಿನ್ ಹತ್ರ ತೂಗು ಹಾಕಿರೋ ಡ್ರಾಯಿಂಗ್ ನೋಡ್ಕೊಂಡೇ ಮಾಡಿದ್ದು."

"ಹೊಸ ರಿವಿಷನ್ ಬಂದಿದ್ದು ಗೊತ್ತಿತ್ತಾ?"

"ಬೆಳಿಗ್ಗೆ ಪಾಳಿಯವರಿಗೆ ಕೊಟ್ಟಿದ್ರಂತೆ ಸಾರ್. ನಂಗೆ ಯಾರೂ ಹೇಳ್ಲಿಲ್ಲ. ಹಳೇದು ಅಲ್ಲೇ ಇತ್ತು."

"ಸರಿ. ಹಳೇದು ಅಲ್ಲೇ ಇದ್ದಿದ್ದು ನಿನ್ನ ತಪ್ಪಲ್ಲ, ಅದನ್ನ ನಾನು ನೋಡ್ಕೋತೀನಿ. ಆದ್ರೆ ಮೊದಲನೇ ಪೀಸ್ ಇನ್ಸ್‌ಪೆಕ್ಷನ್‌ಗೆ ಕೊಡದೇ ಇನ್ನೂರು ಓಡಿಸಿದ್ಯಲ್ಲ, ಅದು ನಿಂದೇ. ನಾಳೆಯಿಂದ ಮೊದಲನೇ ಪೀಸ್‌ಗೆ ಸಹಿ ಬೀಳದೇ ಎರಡನೇದು ಹಾಕ್ಬೇಡ. ಲೇಟ್ ಆದ್ರೆ ನಾನು ಉತ್ತರ ಕೊಡ್ತೀನಿ."

ಈ ಮಾತುಕತೆಯಲ್ಲಿ ನಡೆದದ್ದನ್ನು ಗಮನಿಸಿ. ಮೊದಲು ಅವನ ಬಾಯಿಂದ ಪೂರ್ತಿ ಕೇಳಿದರು. ವ್ಯವಸ್ಥೆಯ ತಪ್ಪು ಯಾವುದು, ಅವನ ತಪ್ಪು ಯಾವುದು ಎಂದು ಬೇರೆ ಮಾಡಿದರು. ಅವನದ್ದನ್ನು ಮುಚ್ಚಿಡಲಿಲ್ಲ. 'ನೀನು ಯಾವಾಗ್ಲೂ ಹೀಗೇ' ಎನ್ನುವ ಮಾತು ಬರಲಿಲ್ಲ. ಕೊನೆಗೆ ನಾಳೆ ಏನು ಮಾಡಬೇಕು ಎಂಬುದು ಒಂದೇ ಸಾಲಿನಲ್ಲಿ ಗೊತ್ತಾಯಿತು. ಇನ್ನು ಲೀಡ್ ಮಾಡಬೇಕಾದ ಕೆಲಸ ಬಾಕಿ ಇದೆ: ಹೊಸ ರಿವಿಷನ್ ಕೊಡುವಾಗ ಹಳೇ ಕಾಗದ ವಾಪಸ್ ತೆಗೆದುಕೊಂಡು ಸಹಿ ಹಾಕಿಸುವ ಪದ್ಧತಿ. ಅದನ್ನು ಅದೇ ವಾರ ಮಾಡಿದರೆ ಮಾತ್ರ ಆ ಹುಡುಗ ಈ ಮಾತುಕತೆಯನ್ನು ನಂಬುತ್ತಾನೆ.

ಕೆಲಸ ಕೆಟ್ಟ ದಿನ

ಇದೇ ಮುಖ್ಯ ಹೆಜ್ಜೆ. ಉಳಿದದ್ದೆಲ್ಲ ಇದಕ್ಕೆ ತಯಾರಿ.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಎ.ಪಿ.ಜೆ. ಅಬ್ದುಲ್ ಕಲಾಂ. ಇಸ್ರೋ ಅಧ್ಯಕ್ಷರು ಸತೀಶ್ ಧವನ್, ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಅವರೇ. ಪತ್ರಿಕಾಗೋಷ್ಠಿಯಲ್ಲಿ ಧವನ್ ತಾವೇ ಮುಂದೆ ಕೂತು ಸೋಲಿನ ಹೊಣೆ ಹೊತ್ತರು, ತಂಡದ ಮೇಲೆ ನಂಬಿಕೆ ಇದೆ ಎಂದರು. 1980ರ ಜುಲೈ 18ರಂದು ಎಸ್‌ಎಲ್‌ವಿ-3 ಮತ್ತೆ ಹಾರಿ ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಕರ್ತರ ಮುಂದೆ ಮಾತಾಡಲು ಕಲಾಂ ಅವರನ್ನು ಕಳಿಸಿದರು. ಕಲಾಂ ಇದನ್ನು ಕೊನೆಯವರೆಗೂ ಹೇಳುತ್ತಿದ್ದರು, ನೀವೂ ಕೇಳಿರುತ್ತೀರಿ.

ಆದರೆ ಬಹಳ ಜನ ಬಿಟ್ಟುಬಿಡುವ ಭಾಗ ಒಂದಿದೆ. 1979ರ ಆ ಉಡಾವಣೆಗೆ ಸ್ವಲ್ಪ ಮುಂಚೆ ಕಂಪ್ಯೂಟರ್ ತಡೆ ಒಡ್ಡಿತ್ತು. ತಜ್ಞರು ಪರವಾಗಿಲ್ಲ ಎಂದ ಮೇಲೆ ಮುಂದುವರಿಸುವ ತೀರ್ಮಾನ ತಮ್ಮದೇ ಆಗಿತ್ತು ಎಂದು ಕಲಾಂ ಅವರೇ ಹೇಳಿದ್ದಾರೆ. ಅಂದರೆ ಧವನ್‌ಗೆ ಬೆರಳು ತೋರಿಸಲು ಒಬ್ಬರು ಎದುರಿಗೇ ಇದ್ದರು. ತೋರಿಸಲಿಲ್ಲ. ಹಾಗಂತ ಸೋಲಿನ ಕಾರಣವನ್ನು ಮುಚ್ಚಿಯೂ ಹಾಕಲಿಲ್ಲ. ಒಳಗೆ ಕೂತು ಎಲ್ಲಿ ಕೆಟ್ಟಿತು ಎಂದು ಬಿಡಿಸಿ ನೋಡಿದರು, ವರ್ಷ ತುಂಬುವ ಮೊದಲೇ ಗೆದ್ದರು. ಹೊರಗಿನವರ ಎದುರು ಹೊಣೆ ನಾಯಕನದ್ದು, ಒಳಗೆ ಪರಿಶೀಲನೆ ಎಲ್ಲರದ್ದು. ಈ ಎರಡೂ ಒಟ್ಟಿಗೆ ಬೇಕು. ಮೊದಲನೆಯದು ಮಾತ್ರ ಇದ್ದರೆ ಅದೇ ತಪ್ಪು ಮತ್ತೆ ಆಗುತ್ತದೆ. ಎರಡನೆಯದು ಮಾತ್ರ ಇದ್ದರೆ ತಂಡ ಹೆದರಿಕೊಂಡೇ ಕೆಲಸ ಮಾಡುತ್ತದೆ.

ನಿಮ್ಮ ಮಟ್ಟದಲ್ಲಿ ಇದು ಹೀಗಿರುತ್ತದೆ. ಡೆಲಿವರಿ ತಪ್ಪಿತು. ಮೇಲಿನವರು ಮೀಟಿಂಗ್‌ನಲ್ಲಿ ಕೇಳುತ್ತಾರೆ, "ಇದನ್ನ ಯಾರು ನೋಡ್ಕೋತಾ ಇದ್ರು?" ಉತ್ತರ: "ನನ್ನ ತಂಡದ ಕೆಲಸ ಸರ್, ಹೊಣೆ ನಂದು. ತಡ ಆಗಿದ್ದು ಇಲ್ಲಿ. ಬುಧವಾರಕ್ಕೆ ಹೋಗುತ್ತೆ. ಮತ್ತೆ ಹೀಗಾಗದ ಹಾಗೆ ಇದನ್ನ ಬದಲಿಸ್ತಿದ್ದೀವಿ." ಹೆಸರು ಹೇಳಬೇಡಿ. ಒತ್ತಾಯಿಸಿದರೂ ಬೇಡ. ಆ ಮಾತು ಸಂಜೆಯೊಳಗೆ ತಂಡಕ್ಕೆ ತಲುಪುತ್ತದೆ, ನೀವು ಹೇಳದಿದ್ದರೂ.

ಹೊಣೆ ಹೊರುವುದಕ್ಕೆ ಕೆಲವೊಮ್ಮೆ ಬೆಲೆ ತೆರಬೇಕಾಗುತ್ತದೆ. 2009ರ ಜುಲೈ 12ರಂದು ದೆಹಲಿಯ ಜಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೋ ಸೇತುವೆ ಕುಸಿದು ಕಾರ್ಮಿಕರು ಸತ್ತಾಗ, ಆಗ ಮೆಟ್ರೋದ ಮುಖ್ಯಸ್ಥರಾಗಿದ್ದ ಶ್ರೀಧರನ್ ಅದೇ ದಿನ ರಾಜೀನಾಮೆ ಕೊಟ್ಟರು. ಸರ್ಕಾರ ಒಪ್ಪಲಿಲ್ಲ, ಅವರು ಮುಂದುವರಿದರು. ತಪ್ಪು ಗುತ್ತಿಗೆದಾರರದ್ದು ಎಂದು ಒಂದು ಹೇಳಿಕೆ ಕೊಟ್ಟು ಸುಮ್ಮನಿರಲು ಅವರಿಗೂ ಆಗುತ್ತಿತ್ತಲ್ವಾ?

ಕೆಟ್ಟ ಸುದ್ದಿ ಬೇಗ ಬರಲಿ

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಗಮನಿಸಿದರು. ಒಳ್ಳೇ ತಂಡಗಳಲ್ಲಿ ಔಷಧಿ ಕೊಡುವ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು. ಅಂಕಿ ತಿರುಗುಮುರುಗಾಗಿ ಬಂತು. ಒಳ್ಳೇ ತಂಡಗಳಲ್ಲೇ ತಪ್ಪು ಜಾಸ್ತಿ! ಕೆದಕಿ ನೋಡಿದರೆ, ಆ ತಂಡಗಳಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು.

ಟೊಯೋಟಾ ಕಾರ್ಖಾನೆಗಳಲ್ಲಿ ಲೈನ್ ಮೇಲಿನ ಕೆಲಸಗಾರನಿಗೆ ಏನಾದರೂ ತಪ್ಪು ಕಂಡರೆ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು. ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಎಳೆದವನನ್ನು ಯಾರೂ ಬೈಯುವುದಿಲ್ಲ, ಸಹಾಯಕ್ಕೆ ಬರುತ್ತಾರೆ.

ನಿಮ್ಮ ಕೆಲಸ ಸುಲಭ. ಯಾರಾದರೂ ಬಂದು "ಸರ್, ಒಂದು ಪ್ರಾಬ್ಲಂ ಆಗಿದೆ" ಎಂದಾಗ ನಿಮ್ಮ ಮೊದಲ ಮಾತು "ಬೇಗ ಹೇಳಿದ್ದು ಒಳ್ಳೇದಾಯ್ತು" ಎಂದಿರಲಿ. ಎರಡನೆಯದು "ಈಗ ಏನು ಮಾಡೋಣ?" ಯಾಕೆ, ಯಾರು ಎನ್ನುವುದು ಬೆಂಕಿ ಆರಿದ ಮೇಲೆ.

ಹೊಗಳಿಕೆ, ಮೆಸೇಜು, ರಜೆ

ಹೊಗಳುವುದಾದರೆ ಕೆಲಸದ ಹೆಸರು ಹಿಡಿದು ಹೊಗಳಿ. 'ಗುಡ್ ಜಾಬ್' ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. "ನಿನ್ನೆ ಗ್ರಾಹಕರ ಕರೆಯಲ್ಲಿ ಅವರು ಕೂಗಾಡುತ್ತಿದ್ದರೂ ನೀವು ಲೆಕ್ಕ ಬಿಡಿಸಿ ಹೇಳಿದಿರಲ್ಲ, ಅದಕ್ಕೇ ಆರ್ಡರ್ ಉಳಿಯಿತು" ಎಂದು ಹೇಳಿ ನೋಡಿ. ಮೇಲಿನವರಿಗೆ ಹೋಗುವ ಇಮೇಲ್‌ನಲ್ಲಿ ಕೆಲಸ ಮಾಡಿದವರ ಹೆಸರು ಬರೆಯಿರಿ, ಅವರಿಗೂ ಪ್ರತಿ ಕಳಿಸಿ. ಗುತ್ತಿಗೆ ನೌಕರರನ್ನು, ಹೌಸ್‌ಕೀಪಿಂಗ್‌ನವರನ್ನು ಮರೆಯಬೇಡಿ.

ರಾತ್ರಿ ಹನ್ನೊಂದಕ್ಕೆ ನೆನಪಾದದ್ದನ್ನು ಬೆಳಿಗ್ಗೆ ಕಳಿಸಿ. "ಈಗಲೇ ಉತ್ತರ ಕೊಡಬೇಕಿಲ್ಲ" ಎಂದು ಬರೆದರೂ ಓದಿದವರ ನಿದ್ದೆ ಹೋಗಿರುತ್ತದೆ. ಮಗಳ ಶಾಲೆಯ ಕಾರ್ಯಕ್ರಮಕ್ಕೆ ರಜೆ ಕೇಳಿದವರಿಗೆ ಕೊಡಿ, ನಿಮಗೆ ಬೇಕಾದಾಗ ನೀವೂ ತಗೊಳ್ಳಿ. ಮೇಲಿನವರು ರಜೆ ಹಾಕದ ಕಡೆ ಕೆಳಗಿನವರಿಗೆ ಕೇಳಲು ಬಾಯಿ ಬರುವುದಿಲ್ಲ.

ಕೆಲವು ವಿಷಯಗಳನ್ನು ನೀವೇ ಬಗೆಹರಿಸಲು ಹೋಗಬೇಡಿ. ಲೈಂಗಿಕ ಕಿರುಕುಳದ ದೂರು ಬಂದರೆ 'ಕೂತು ರಾಜಿ ಮಾಡಿಸೋಣ' ಎನ್ನುವುದು ನಿಮ್ಮ ಕೆಲಸವಲ್ಲ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಕಾರಣ ಇದ್ದರೆ ಸಮಿತಿ ಇನ್ನು ಮೂರು ತಿಂಗಳು ವಿಸ್ತರಿಸಬಹುದು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಇವತ್ತೇ ತಿಳಿದುಕೊಳ್ಳಿ. ದೂರು ಹೇಳಿಕೊಂಡವರ ಮಾತು ಕೇಳಿ, ಸಮಿತಿಯ ದಾರಿ ತೋರಿಸಿ, ಗುಟ್ಟು ಕಾಪಾಡಿ.

ಆರು ತಿಂಗಳ ಹೊತ್ತಿಗೆ: ನಿಮ್ಮ ಜಾಗಕ್ಕೆ ಒಬ್ಬರನ್ನು ಬೆಳೆಸಿ

ತನ್ನನ್ನು ಬಿಟ್ಟರೆ ಇಲ್ಲಿ ಏನೂ ನಡೆಯುವುದೇ ಇಲ್ಲ ಎಂದು ಹೆಮ್ಮೆ ಪಡುವ ಮೇಲಧಿಕಾರಿಯ ಕೆಳಗೆ ಯಾರೂ ಬೆಳೆಯುವುದಿಲ್ಲ. ಚುರುಕಾದವರು ಬೇರೆ ಕಡೆ ಹೋಗುತ್ತಾರೆ. ಹಾಗಾಗಿ ಒಬ್ಬರನ್ನೋ ಇಬ್ಬರನ್ನೋ ಆರಿಸಿಕೊಳ್ಳಿ. ಜಾಸ್ತಿ ಮಾತಾಡುವವರನ್ನೇ ಆರಿಸಬೇಕೆಂದಿಲ್ಲ. ಉಳಿದವರು ತೊಂದರೆ ಬಂದಾಗ ಯಾರ ಹತ್ತಿರ ಹೋಗುತ್ತಾರೆ ನೋಡಿ, ಅವರೇ ಸರಿಯಾದವರು. ಮೊದಲು ವಾರದ ಮೀಟಿಂಗ್ ನಡೆಸಲು ಹೇಳಿ, ನೀವು ಪಕ್ಕದಲ್ಲಿ ಕೂತಿರಿ. ಆಮೇಲೆ ಗ್ರಾಹಕರ ಜೊತೆ ಮಾತಾಡಿಸಿ. ನಿಮ್ಮ ಮೇಲಿನವರ ಎದುರು ಕೆಲಸದ ವರದಿ ಅವರೇ ಕೊಡಲಿ.

ಆಮೇಲೆ ಒಂದು ವಾರ ನಿಜವಾದ ರಜೆ ಹಾಕಿ. ಫೋನ್ ಮಾಡಿ ವಿಚಾರಿಸಬೇಡಿ. ವಾಪಸ್ ಬಂದ ದಿನ ಅವರ ಜೊತೆ ಕೂತು ಮೂರು ಪಟ್ಟಿ ಬರೆಯಿರಿ: ನೀವಿಲ್ಲದೆ ಸಲೀಸಾಗಿ ನಡೆದದ್ದು, ನಿಮ್ಮ ಸಹಿಗಾಗಿ ನಿಂತದ್ದು, ಅವರು ನಿಮಗಿಂತ ಚೆನ್ನಾಗಿ ಮಾಡಿದ್ದು. ಎರಡನೇ ಪಟ್ಟಿಯಲ್ಲಿರುವುದಕ್ಕೆ ಅಧಿಕಾರ ವರ್ಗಾಯಿಸಿ, ಮೂರನೇ ಪಟ್ಟಿಯನ್ನು ತಂಡದ ಎದುರು ಓದಿ. ಮುಂದಿನ ಅಪ್ರೈಸಲ್‌ನಲ್ಲಿ ಅವರ ಬಡ್ತಿಗೆ ಶಿಫಾರಸು ಬರೆಯುವಾಗ ಬೇಕಾದ ಸಾಕ್ಷಿಯೆಲ್ಲ ಆ ಪಟ್ಟಿಯಲ್ಲೇ ಸಿಗುತ್ತದೆ.